ರೇಟ್ ಹೇಳೋಕೆ ಧೈರ್ಯ ಸಾಲ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕೈಯಲ್ಲೇ ಹೊಲಿದು ನೋಟ್‌ಬುಕ್ ಮಾಡಿ ಮಾರ್ತೀನಿ. ಒಮ್ಮೆ ತಗೊಂಡವರು ಮತ್ತೆ ಬರ್ತಾರೆ. ಆದರೂ ಯಾರಾದ್ರೂ "ಎಷ್ಟು?" ಅಂತ ಮೆಸೇಜ್ ಹಾಕಿದ ಕೂಡಲೇ ಕೈ ತಡೆಯುತ್ತೆ. ಲೆಕ್ಕ ಹಾಕಿಟ್ಟ ರೇಟ್ ಟೈಪ್ ಮಾಡಿ, ಅಳಿಸಿ, ಕಮ್ಮಿ ಮಾಡಿ ಕಳಿಸ್ತೀನಿ. ಅದೂ ಅವರು ಚೌಕಾಸಿ ಶುರು ಮಾಡೋ ಮೊದಲೇ! ಒಂದೆಳೆ ದಾರ ಸಡಿಲ ಕಂಡರೂ ಇಡೀ ಹೊಲಿಗೆ ಬಿಚ್ಚಿ ಕೂರ್ತೀನಿ. ಕೆಲಸ ಚೆನ್ನಾಗಿದ್ದರೂ ತಾನು ಅರ್ಹಳಲ್ಲ ಅನ್ನಿಸುವ ಈ ಅನುಮಾನದ ಬಗ್ಗೆ ಮನಃಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್, ಸುಝೇನ್ ಐಮ್ಸ್ 1978ರಲ್ಲೇ ಬರೆದಿದ್ದಾರೆ. ಓದಿ ಸಮಾಧಾನವೇನೋ ಆಯ್ತು, ರೇಟ್ ಮಾತ್ರ ಏರಲಿಲ್ಲ.

"ಕಾನ್ಫಿಡೆನ್ಸ್ ಇರಲಿ" ಅನ್ನೋದು ಬೇಡ, ದಯವಿಟ್ಟು. ನೀವು ರೇಟ್ ಲಿಸ್ಟ್ ಮೊದಲೇ ಹಾಕಿಬಿಡ್ತೀರಾ? "ಕಮ್ಮಿ ಮಾಡಿ" ಅಂದವರಿಗೆ ಏನಂತ ಉತ್ತರ ಬರೀತೀರಿ? ಹಳೇ ಗಿರಾಕಿಗಳಿಗೆ ಹೊಸ ರೇಟ್ ಹೇಗೆ ತಿಳಿಸಿದ್ರಿ?