ಬಿಸಿನೀರಿನ ರಿಟರ್ನ್ ಲೈನ್ ಹಾಕಿಸಿದ ಮೇಲೆ ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರು

ಪ್ರಶ್ನೆ:
ನಮಸ್ಕಾರ. ಗೀಸರ್ ಟ್ಯಾಂಕ್ ಕೆಳಗಿದೆ, ಸ್ನಾನದ ಮನೆ ಮೇಲಿನ ಮಹಡಿಯಲ್ಲಿ, ಮನೆಯ ಇನ್ನೊಂದು ತುದಿಗೆ. ಪೈಪಿನ ಉದ್ದ 18 ಮೀಟರ್. ಬಿಸಿನೀರು ಬರೋದಕ್ಕೆ ಒಂದು ನಿಮಿಷ ಕಾಯಬೇಕಿತ್ತು, ಅಷ್ಟು ಹೊತ್ತೂ ನೀರು ಸುಮ್ನೆ ಹರಿದು ಹೋಗುತ್ತಿತ್ತು. ಅದಕ್ಕೇ ಹೋದ ತಿಂಗಳು ಕೊನೆಯ ನಲ್ಲಿಯಿಂದ ಟ್ಯಾಂಕಿನ ತನಕ ರಿಟರ್ನ್ ಲೈನ್ (ಪೈಪಿನಲ್ಲಿ ತಣ್ಣಗಾದ ನೀರನ್ನು ಟ್ಯಾಂಕಿಗೆ ವಾಪಸ್ ಕಳಿಸುವ ಪೈಪ್) ಎಳೆಸಿದೆ. ಅದೂ 20 ಮಿ.ಮೀ. ಪೈಪೇ. ಅದು ಗೋಡೆಗುಂಟ ಕೆಳಗಿಳಿದು, ಚಿಕ್ಕ ಪಂಪ್, ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್ ಆದ ಎನ್‌ಆರ್‌ವಿ, ಒಂದು ಬಾಲ್ ವಾಲ್ವ್ ದಾಟಿ, ಟ್ಯಾಂಕಿಗೆ ತಣ್ಣೀರು ಹೋಗುವ ಪೈಪಿಗೆ ಟೀ (T ಆಕಾರದ ಜೋಡಣೆ) ಹಾಕಿ ಸೇರಿಸಿದ್ದಾರೆ.

ಪಂಪ್ ಓಡುವಾಗ ಎಲ್ಲ ಸರಿ, ನಲ್ಲಿ ತಿರುಗಿಸಿದ ಕೂಡಲೇ ಬಿಸಿ. ಪಂಪ್ ನಿಲ್ಲಿಸಿದರೆ ಎಷ್ಟು ಹೊತ್ತು ಬಿಟ್ಟರೂ 40 ಡಿಗ್ರಿ ದಾಟುವುದಿಲ್ಲ. ಟ್ಯಾಂಕ್ 60ರಲ್ಲಿದೆ. ಮೊದಲು ತಡವಾಗಿಯಾದರೂ ಕೈ ಸುಡುವಷ್ಟು ಬಿಸಿ ಬರುತ್ತಿತ್ತು. ಪ್ಲಂಬರ್ ದೊಡ್ಡ ಪಂಪ್ ಹಾಕೋಣ ಅಂತಾರೆ. ಹಾಕಿಸಲಾ?

ಉತ್ತರ 1:
ಬೇಡ, ದಯವಿಟ್ಟು ಆ ದುಡ್ಡು ಹಾಕಬೇಡಿ. ಪಂಪ್ ನಿಂತಾಗ ಮಾತ್ರ ತೊಂದರೆ ಅಂದರೆ ಅದು ಪಂಪಿನ ಶಕ್ತಿಯ ಪ್ರಶ್ನೆಯೇ ಅಲ್ಲ.

ನಲ್ಲಿ ತೆರೆದಾಗ ನೀರಿಗೆ ಈಗ ಎರಡು ದಾರಿ ಇವೆ. ಒಂದು, ಟ್ಯಾಂಕಿನ ಮೂಲಕ ಬಿಸಿಯಾಗಿ ಬರುವುದು. ಇನ್ನೊಂದು, ಆ ಟೀಯಿಂದ ರಿಟರ್ನ್ ಲೈನಿಗೆ ಉಲ್ಟಾ ನುಗ್ಗಿ ತಣ್ಣಗೆ ಹಾಗೇ ಮೇಲಕ್ಕೆ ಹೋಗುವುದು. ಎರಡೂ ಪೈಪ್ ಒಂದೇ ಅಳತೆ, ಹಾಗಾಗಿ ಹೆಚ್ಚುಕಡಿಮೆ ಅರ್ಧಕ್ಕರ್ಧ ಬೆರೆತು ನಿಮಗೆ 40 ಡಿಗ್ರಿ ಸಿಗುತ್ತಿದೆ. ಇದನ್ನು ತಡೆಯೋದಕ್ಕೇ ಎನ್‌ಆರ್‌ವಿ ಇರುವುದು, ಅದು ಕೆಲಸ ಮಾಡುತ್ತಿಲ್ಲ.

ಖಾತ್ರಿ ಮಾಡಿಕೊಳ್ಳಲು ಪಂಪ್ ನಿಲ್ಲಿಸಿ, ರಿಟರ್ನ್ ಲೈನಿನ ಬಾಲ್ ವಾಲ್ವ್ ಪೂರ್ತಿ ಮುಚ್ಚಿ, ಮೇಲೆ ಬಿಸಿನೀರಿನ ನಲ್ಲಿ ಬಿಡಿ. ಒಂದೂವರೆ ನಿಮಿಷದಲ್ಲಿ ಸುಡುವ ನೀರು ಬಂದರೆ ಕಳ್ಳ ಸಿಕ್ಕ ಹಾಗೆ. ಆಮೇಲೆ ವಾಲ್ವ್ ತೆರೆದು, ನಲ್ಲಿ ಹರಿಯುತ್ತಿರುವಾಗಲೇ ರಿಟರ್ನ್ ಪೈಪ್ ಮೇಲೆ ಕೈಯಿಟ್ಟು ನೋಡಿ, ತಣ್ಣಗಾಗುತ್ತಾ ಹೋಗುತ್ತದೆ.

ಎನ್‌ಆರ್‌ವಿಯಲ್ಲಿ ಮೂರು ವಿಷಯ ನೋಡಿ: ಬಾಣದ ಗುರುತು ಟ್ಯಾಂಕಿನ ಕಡೆಗೆ ಇದೆಯಾ, ಒಳಗೆ ಟೆಫ್ಲಾನ್ ಟೇಪಿನ ಚೂರೋ ಮರಳೋ ಸಿಕ್ಕಿಕೊಂಡಿದೆಯಾ, ಮತ್ತು ಅದು ಯಾವ ತರಹದ್ದು, ಅಡ್ಡ ಪೈಪಿನಲ್ಲಿದೆಯೋ ನೆಟ್ಟಗೆ ಇಳಿಯುವ ಪೈಪಿನಲ್ಲೋ.

ಪ್ರಶ್ನೆ ಕೇಳಿದವರು:
ವಾಲ್ವ್ ಮುಚ್ಚಿ ನೋಡಿದೆ, 58 ಡಿಗ್ರಿ ಬಂತು! ಬಾಣ ಸರಿಯಾಗೇ ಇದೆ. ನೀರು ಬಂದ್ ಮಾಡಿ ಎನ್‌ಆರ್‌ವಿಯ ಮುಚ್ಚಳ ಬಿಚ್ಚಿದೆ. ಒಳಗೆ ನಾಣ್ಯದಷ್ಟು ಅಗಲದ ಹಿತ್ತಾಳೆ ಬಿಲ್ಲೆ, ಕೀಲಿನಿಂದ ಜೋತು ಬಿದ್ದಿದೆ. ಬೆರಳಲ್ಲಿ ಮೇಲಕ್ಕೆ ಒತ್ತಿದರೆ ಮುಚ್ಚುತ್ತದೆ, ಬಿಟ್ಟ ತಕ್ಷಣ ಮತ್ತೆ ಬೀಳುತ್ತದೆ. ಕಸ ಏನೂ ಇಲ್ಲ. ಇದು ಕೆಳಗಿಳಿಯುವ ಪೈಪಿನಲ್ಲಿದೆ.

ಉತ್ತರ 1:
ಅಲ್ಲೇ ಇದೆ ನೋಡಿ. ಕೀಲಿನ ಬಿಲ್ಲೆ ತನ್ನ ಭಾರದಿಂದಲೇ ಮುಚ್ಚಿಕೊಳ್ಳಬೇಕು. ನೀರು ಕೆಳಮುಖವಾಗಿ ಹರಿಯುವ ಪೈಪಿನಲ್ಲಿ ಹಾಕಿದರೆ ಅದೇ ಭಾರ ಬಾಗಿಲನ್ನು ತೆರೆದಿಡುತ್ತದೆ. ಮೆಲ್ಲಗೆ ಉಲ್ಟಾ ಬರುವ ನೀರಿಗೆ ಅದನ್ನು ಎತ್ತಿ ಮುಚ್ಚುವಷ್ಟು ಬಲ ಇರುವುದಿಲ್ಲ. ಅಡ್ಡ ಪೈಪಿಗೆ, ಮುಚ್ಚಳ ಮೇಲೆ ಬರುವ ಹಾಗೆ ಬದಲಾಯಿಸಿ, ಇಲ್ಲವೇ ಸ್ಪ್ರಿಂಗ್ ಇರುವ ಎನ್‌ಆರ್‌ವಿ ಹಾಕಿ. ನಾನಾದರೆ ಸ್ಪ್ರಿಂಗ್‌ನದ್ದೇ ಹಾಕುತ್ತೇನೆ. ಪಂಪ್ ನಿಂತಿರುವಾಗ ಬಿಸಿನೀರು ತಾನಾಗೇ ಮೇಲೇರಿ ಸುತ್ತುವುದನ್ನೂ ಅದು ಸಾಕಷ್ಟು ತಡೆಯುತ್ತದೆ.

ಉತ್ತರ 2:
ದೊಡ್ಡ ಪಂಪಿನ ವಿಷಯಕ್ಕೆ ಒಂದು ಮಾತು. ನಿಮ್ಮ ಪೈಪ್ ತಾಮ್ರದ್ದಾದರೆ ನೀರಿನ ವೇಗ ಸೆಕೆಂಡಿಗೆ 0.6ರಿಂದ 0.9 ಮೀಟರ್ ದಾಟಬಾರದು. ಸದಾ ಜೋರಾಗಿ ಸುತ್ತುವ ಬಿಸಿನೀರು ಬೆಂಡ್‌ಗಳನ್ನು ಒಳಗಿನಿಂದ ಸವೆಸಿ ಸೂಜಿಮೊನೆಯಷ್ಟು ತೂತು ಮಾಡುತ್ತದೆ, ಗೋಡೆ ಒದ್ದೆಯಾದ ಮೇಲೇ ಗೊತ್ತಾಗೋದು. ಪಂಪಿನ ಒಡಲು ಸ್ಟೇನ್‌ಲೆಸ್ ಸ್ಟೀಲ್ ಅಥವಾ ಕಂಚಿನದ್ದಾ ನೋಡಿ. ಬೀಡು ಕಬ್ಬಿಣ ಆಗದು, ದಿನಾ ಹೊಸ ನೀರು ಬರುವ ಲೈನಿನಲ್ಲಿ ತುಕ್ಕು ಹಿಡಿಯುತ್ತದೆ.

ಇನ್ನು 24 ಗಂಟೆ ಓಡಿಸಬೇಡಿ. ಪಂಪ್ ತಿನ್ನುವ ಕರೆಂಟ್ ಸ್ವಲ್ಪವೇ, ಆದರೆ ಎರಡೂ ಪೈಪ್ ಹಗಲು ರಾತ್ರಿ ಶಾಖ ಕಳೆದುಕೊಳ್ಳುತ್ತವೆ, ಅದನ್ನೆಲ್ಲ ಗೀಸರ್ ತುಂಬಿಕೊಡಬೇಕು. ಸ್ನಾನದ ಮನೆಯಲ್ಲಿ ಒಂದು ಬಟನ್ ಇಡಿಸಿ: ಒತ್ತಿದರೆ ಪಂಪ್ ಶುರು, ರಿಟರ್ನ್ ಪೈಪ್ ಬಿಸಿಯಾದ ಕೂಡಲೇ ಥರ್ಮೋಸ್ಟಾಟ್ ಅದನ್ನು ನಿಲ್ಲಿಸುತ್ತದೆ. ಪೈಪಿಗೆ ಫೋಮ್ ಹೊದಿಕೆ ಮಾತ್ರ ಬಿಡಲೇಬೇಡಿ. ಉಳಿತಾಯ ಮಾಡಲು ಟ್ಯಾಂಕನ್ನು 60ಕ್ಕಿಂತ ಕೆಳಗೆ ಇಳಿಸಬೇಡಿ, ಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆದರೆ 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ನಲ್ಲಿಯ ಹತ್ತಿರ ತಣ್ಣೀರು ಬೆರೆಸಿ ಬಿಸಿ ತಗ್ಗಿಸುವ ಮಿಕ್ಸಿಂಗ್ ವಾಲ್ವ್ ಹಾಕಿಸಿ.

ಇನ್ನೊಬ್ಬರು:
ನಮ್ಮ ಮನೆಯಲ್ಲಿ ಗೋಡೆ ಒಡೆಯಲು ಆಗಲ್ಲ. ರಿಟರ್ನ್ ಲೈನ್ ಇಲ್ಲದೆ ಮಾಡಬಹುದಾ?

ಉತ್ತರ 2:
ಆಗುತ್ತದೆ. ಕೊನೆಯ ಸಿಂಕಿನ ಕೆಳಗೆ ಬಿಸಿ, ತಣ್ಣೀರಿನ ಪೈಪ್ ಎರಡನ್ನೂ ಸೇರಿಸುವ ಸೆನ್ಸರ್ ವಾಲ್ವ್ ಸಿಗುತ್ತದೆ, ತಣ್ಣೀರಿನ ಪೈಪೇ ರಿಟರ್ನ್ ಲೈನ್ ಆಗುತ್ತದೆ. ತೊಂದರೆ ಏನಂದರೆ ತಣ್ಣೀರಿನ ನಲ್ಲಿಯಲ್ಲಿ ಮೊದಲು ಸ್ವಲ್ಪ ಹೊತ್ತು ಬೆಚ್ಚಗಿನ ನೀರು ಬರುತ್ತದೆ. ಅದೇ ನಲ್ಲಿಯಿಂದ ಕುಡಿಯಲು ನೀರು ಹಿಡಿಯುವವರಾದರೆ ನಿಮಗೆ ಇಷ್ಟವಾಗಲಿಕ್ಕಿಲ್ಲ.

ಪ್ರಶ್ನೆ ಕೇಳಿದವರು:
ಸ್ಪ್ರಿಂಗ್ ಎನ್‌ಆರ್‌ವಿ ಹಾಕಿಸಿದೆ. ಪಂಪ್ ನಿಂತಿದ್ದರೂ 58 ಡಿಗ್ರಿ ಬರುತ್ತಿದೆ, ಹಳೇ ಪಂಪೇ ಸಾಕಾಯಿತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗ ಪಂಪಿನಿಂದ ಗುಳುಗುಳು ಸದ್ದು ಬರುತ್ತಿದೆ, ಲೈನ್ ಬಿಚ್ಚಿದಾಗ ಗಾಳಿ ಸೇರಿರಬೇಕು ಅಲ್ವಾ?

ಉತ್ತರ 1:
ಹೌದು, ಗಾಳಿಯೇ. ಪಂಪ್ ನಿಲ್ಲಿಸಿ, ಬಾಲ್ ವಾಲ್ವ್ ಮುಚ್ಚಿ, ಪಂಪಿನ ಪಕ್ಕದ ಡ್ರೈನ್ ನಲ್ಲಿಗೆ ಪೈಪ್ ಸಿಕ್ಕಿಸಿ, ಗುಳ್ಳೆ ನಿಲ್ಲುವ ತನಕ ನೀರು ಬಿಡಿ. ಹಾಗೇ ಪಂಪಿನ ಶಾಫ್ಟ್ ಅಡ್ಡಡ್ಡವಾಗಿದೆಯಾ ನೋಡಿ. ನೆಟ್ಟಗೆ ನಿಲ್ಲಿಸಿದ್ದರೆ ಗಾಳಿ ಮೇಲೆ ಸೇರಿಕೊಂಡು ಬೇರಿಂಗ್ ಒಣಗಿ ಹೋಗುತ್ತದೆ.