ಹಳೆ ಟಾಟಾ 207: ಮುಂದಿನ ಗಾಜಿನ ಜೊತೆ ರಬ್ಬರೂ ಬದಲಿಸಬೇಕಾ?

ಶಹಾಪುರ ಪಿಕಪ್

ಎಲ್ಲರಿಗೂ ನಮಸ್ಕಾರ. ನಮ್ಮದು 2007ರ ಟಾಟಾ 207, ಕೆಎ-32 ಪಾಸಿಂಗ್. ಅಪ್ಪ ತಗೊಂಡ ಗಾಡಿ. ಹತ್ತಿ, ಭತ್ತ, ಮೆಣಸಿನಕಾಯಿ ಎಲ್ಲ ಈಗಲೂ ಇದರಲ್ಲೇ ಹೋಗುತ್ತದೆ. ಇಂಜಿನ್ ಗಟ್ಟಿ ಇದೆ, ಮಾರುವ ಮಾತೇ ಇಲ್ಲ.

ಮುಂದಿನ ಗಾಜು ಸೀಳಿದೆ. ಕ್ಲೀನರ್ ಸೈಡಿನ ಕೆಳಗಿನ ಮೂಲೆಯಿಂದ ಶುರುವಾದ ಗೆರೆ ಬೇಸಿಗೆಯಲ್ಲಿ ಬೆಳೆದು ಬೆಳೆದು ಈಗ ನಡುವಿನ ತನಕ ಬಂದಿದೆ. ಕಲ್ಲು ಬಡಿದ ನೆನಪು ನಮಗ್ಯಾರಿಗೂ ಇಲ್ಲ. ಮಳೆ ಬಂದರೆ ಅದೇ ಮೂಲೆಯಿಂದ ನೀರು ಒಳಗೆ ಇಳಿದು ಕಾಲ ಕೆಳಗಿನ ಮ್ಯಾಟ್ ಪೂರ್ತಿ ಒದ್ದೆ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಹತ್ತಿರ ಬಂತು, ಈ ಗಾಜು ಇಟ್ಟುಕೊಂಡು ಆರ್‌ಟಿಒ ಆಫೀಸಿಗೆ ಹೋಗುವ ಹಾಗಿಲ್ಲ.

ಗಾಜಿನ ಅಂಗಡಿಯವರು "ರಬ್ಬರ್ ಚೆನ್ನಾಗಿದೆ, ಅದನ್ನೇ ಹಾಕಿ ಸುತ್ತ ಸಿಲಿಕಾನ್ ಹೊಡೆದು ಕೊಡ್ತೀವಿ, ಒಂದು ತಾಸಿನ ಕೆಲಸ" ಅಂತಾರೆ. ನನಗೆ ನಂಬಿಕೆ ಬರುತ್ತಿಲ್ಲ. ಉಗುರಿನಿಂದ ಒತ್ತಿದರೆ ರಬ್ಬರ್ ಒಳಗೆ ಹೋಗುವುದೇ ಇಲ್ಲ, ಬೆರಳಿಗೆ ಕಪ್ಪು ಹತ್ತುತ್ತದೆ. ಮೂಲೆಗಳಲ್ಲಿ ಬಿರುಕು ಬಿಟ್ಟಿದೆ. ಹೊಸ ರಬ್ಬರ್ ಹಾಕಿಸಲೇಬೇಕಾ? ಮತ್ತೆ, ನಾನೂ ನಮ್ಮ ಮಾವನ ಮಗನೂ ಸೇರಿ ಮನೆ ಮುಂದೆ ಮಾಡಿಕೊಳ್ಳಬಹುದಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಸೇಡಂ ರೋಡ್

ಹಳೆ ರಬ್ಬರಿಗೆ ಹೊಸ ಗಾಜು ಹಾಕಿಸಬೇಡಿ ಬ್ರದರ್. ಬಿಚ್ಚುವಾಗಲೇ ಅದು ಹರಿಯುತ್ತದೆ.

ಇನ್ಶೂರೆನ್ಸ್ ಯಾವುದಿದೆ ನೋಡಿದ್ರಾ? ಥರ್ಡ್ ಪಾರ್ಟಿ ಆದರೆ ಗಾಜಿಗೆ ಏನೂ ಬರಲ್ಲ. ಫುಲ್ ಇನ್ಶೂರೆನ್ಸ್ ಇದ್ದು, ಕಲ್ಲು ಬಡಿದೋ ಅಪಘಾತದಲ್ಲೋ ಒಡೆದಿದ್ದರೆ ಗಾಜಿಗೆ ಸವಕಳಿ, ಅಂದರೆ ಹಳೆಯದಾಯಿತು ಅಂತ ಕಳೆಯುವ ದುಡ್ಡು, ಹಿಡಿಯುವುದಿಲ್ಲ, ರಬ್ಬರಿಗೆ ಮಾತ್ರ ಅರ್ಧ ಹಿಡಿಯುತ್ತಾರೆ. ಕ್ಲೇಮ್ ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಅದನ್ನೂ ಲೆಕ್ಕ ಹಾಕಿ. ಎಷ್ಟೋ ಸಲ ಕೈಯಿಂದ ಕೊಡುವುದೇ ಲೇಸು.

ಗಾಜಿನ ಕಾಕಾ, ಕಲಬುರಗಿ

ತಮ್ಮಾ, ರಬ್ಬರ್ ಹೊಸದೇ ಹಾಕು. ಆದರೆ ಗಾಜು ಕೊಳ್ಳುವ ಮೊದಲು ಒಂದು ಕೆಲಸ ಮಾಡು.

ಸೀಳು ಶುರುವಾದ ಜಾಗದಲ್ಲಿ ಹೊರಗಿನಿಂದ ಉಗುರು ಆಡಿಸಿ ನೋಡು. ಕಲ್ಲು ಬಡಿದಿದ್ದರೆ ಸಣ್ಣ ಕುಳಿ ಸಿಕ್ಕೇ ಸಿಗುತ್ತದೆ, ಉಗುರು ಅದಕ್ಕೆ ತಡೆಯುತ್ತದೆ. ಕುಳಿ ಇಲ್ಲದೆ ಗೆರೆ ಸೀದಾ ರಬ್ಬರಿನ ಒಳಗೆ ಹೋಗಿದ್ದರೆ, ಆ ಗಾಜನ್ನು ಯಾವುದೋ ಒತ್ತಿ ಸೀಳಿದೆ. ನಿನ್ನ ಗಾಡಿಯಲ್ಲಿ ನೀರು ಸೋರುವುದೂ ಅದೇ ಮೂಲೆ ಅಂತೀಯಾ. ಹಾಗಿದ್ದರೆ ರಬ್ಬರಿನ ಕೆಳಗೆ ಜಂಗು ಕೂತಿದೆ ಅಂತಲೇ ನಾನು ಹೇಳುವುದು.

ಕಬ್ಬಿಣ ಜಂಗು ಹಿಡಿದರೆ ಉಬ್ಬುತ್ತದೆ. ಗಾಜು ಕೂರುವ ತಗಡಿನ ಅಂಚು ಒಂದೇ ಕಡೆ ಉಬ್ಬಿದರೆ ಗಾಜಿನ ಪೂರ್ತಿ ಒತ್ತಡ ಅಲ್ಲಿಗೇ ಬೀಳುತ್ತದೆ. ಗಾಜು ನಡುವೆ ಏನಾದರೂ ತಡೆದೀತು, ಅಂಚಿನಲ್ಲಿ ತಡೆಯುವುದಿಲ್ಲ. ನಮ್ಮ ಕಡೆ ಬಿಸಿಲು 42, 43 ಡಿಗ್ರಿ ದಾಟುತ್ತದೆ. ಹಗಲು ಬಾಡಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಗೆರೆ ಮುಂದಕ್ಕೆ ಹೋಗುತ್ತದೆ. ಜಂಗು ಹಾಗೇ ಬಿಟ್ಟು ಹೊಸ ಗಾಜು ಹಾಕಿಸಿ, ಮನೆ ಮುಟ್ಟುವುದರೊಳಗೆ ಸೀಳಿಸಿಕೊಂಡು ಬಂದವರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ ತಮ್ಮಾ. ದುಡ್ಡು ಅವರದು, ಸಾಲ ಅವರದು.

ಅದಕ್ಕೇ ಮೊದಲು ಒಳಗಿನಿಂದ ಆ ಮೂಲೆಯ ರಬ್ಬರಿನ ತುಟಿಯನ್ನು ಬೆರಳಿಂದ ಎತ್ತಿ, ಮೊಬೈಲ್ ಟಾರ್ಚ್ ಬಿಟ್ಟು ನೋಡು. ಕೆಂಪು ಪುಡಿ ಉದುರಿದರೆ, ಇಲ್ಲವೇ ಪೇಂಟು ಹಪ್ಪಳದ ಹಾಗೆ ಎದ್ದಿದ್ದರೆ ನನಗೆ ತಿಳಿಸು. ಮುಂದಿನದು ಆಮೇಲೆ ಹೇಳುತ್ತೇನೆ.

ಶಹಾಪುರ ಪಿಕಪ್

ಕಾಕಾ, ನೀವು ಹೇಳಿದ್ದೇ ಸರಿ. ಕುಳಿ ಎಲ್ಲೂ ಇಲ್ಲ. ರಬ್ಬರ್ ಎತ್ತಿದರೆ ಪುಡಿ ಅಲ್ಲ, ಚಕ್ಕೆ ಚಕ್ಕೆಯೇ ಬಂತು. ಸಣ್ಣ ಸ್ಕ್ರೂಡ್ರೈವರ್ ಒತ್ತಿದೆ, ತುದಿ ಆಚೆ ಕಡೆ ಹೋಯಿತು. ಸುಮಾರು ಎರಡು ಬೆರಳು ಅಗಲ ಹೋಗಿದೆ. ಇಲ್ಲಿಯ ಪೇಂಟರ್ ಪುಟ್ಟಿ ತುಂಬಿ ಕೊಡುತ್ತೇನೆ ಅಂತಾನೆ. ನಡೆಯುತ್ತದಾ?

ಗಾಜಿನ ಕಾಕಾ, ಕಲಬುರಗಿ

ಪುಟ್ಟಿ ಬೇಡವೇ ಬೇಡ. ತೂತು ಬಿದ್ದ ಕಡೆ ಪುಟ್ಟಿ ನಿಲ್ಲುವುದಿಲ್ಲ. ಕೆಳಗೆ ನೀರು ಹಿಡಿದಿಟ್ಟುಕೊಂಡು ಜಂಗನ್ನು ಇನ್ನೂ ಜಾಸ್ತಿ ಮಾಡುತ್ತದೆ. ಕೆಟ್ಟ ತಗಡು ಕತ್ತರಿಸಿ, ಅದೇ ದಪ್ಪದ ತಗಡಿನ ತುಂಡು ಕೂರಿಸಿ ವೆಲ್ಡಿಂಗ್ ಮಾಡಿಸು. ಗಾಜು ಬಿಚ್ಚಿದ ಮೇಲೇ ವೆಲ್ಡಿಂಗ್. ಬ್ಯಾಟರಿಯ ವೈರ್ ಬಿಚ್ಚಿಸು, ಡ್ಯಾಶ್‌ಬೋರ್ಡ್ ಮೇಲೆ ಒದ್ದೆ ಗೋಣಿಚೀಲ ಹಾಸು, ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ. ಆಮೇಲೆ ವೆಲ್ಡಿಂಗ್ ಗಂಟುಗಳನ್ನು ಗ್ರೈಂಡರ್‌ನಿಂದ ಸಪಾಟು ಮಾಡಿಸು. ಅಂಚಿನ ಸುತ್ತ ಕೈ ಆಡಿಸಿದರೆ ಎಲ್ಲೂ ಏನೂ ತಡೆಯಬಾರದು. ಉಳಿದ ಕಡೆ ತಂತಿ ಬ್ರಷ್, ಎಮರಿ ಪೇಪರ್ ಹಾಕಿ ಬಿಳಿ ತಗಡು ಕಾಣುವ ತನಕ ತಿಕ್ಕಿ, ಪ್ರೈಮರ್ ಹೊಡೆದು, ಪೇಂಟ್ ಪೂರ್ತಿ ಒಣಗಲು ಬಿಡು. ಹಸಿ ಪೇಂಟಿನ ಮೇಲೆ ರಬ್ಬರ್ ಕೂರಿಸಿದರೆ ಪೇಂಟು ಸುಲಿದು ಬರುತ್ತದೆ.

ಇನ್ನೊಂದು ಮಾತು. ಗಾಡಿ ಬೇವಿನ ಮರದ ಕೆಳಗೆ ನಿಲ್ಲಿಸುತ್ತೀರಾ? ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ, ಕಡ್ಡಿ ತುಂಬಿ ನೀರು ಹೋಗುವ ದಾರಿ ಕಟ್ಟಿರುತ್ತದೆ. ಜಂಗಿನ ಮೂಲ ಎಷ್ಟೋ ಸಲ ಅಲ್ಲೇ ಇರುತ್ತದೆ. ಅದನ್ನೂ ಸ್ವಚ್ಛ ಮಾಡು.

ಇನ್ನು ಗಾಜು ಹಾಕುವುದು. ನಿಮ್ಮದು ರಬ್ಬರಿನಲ್ಲಿ ಗಾಜು ಕೂರುವ ಗಾಡಿ, ಗಮ್ಮಿನಿಂದ ಅಂಟಿಸುವುದಲ್ಲ. ಇಬ್ಬರಿದ್ದರೆ ಮನೆ ಮುಂದೆಯೇ ಆಗುತ್ತದೆ. ವೈಪರ್ ಕಡ್ಡಿ ಬಿಚ್ಚಿ, ಕನ್ನಡಿ ಅಡ್ಡ ಬಂದರೆ ಅದನ್ನೂ ಬಿಚ್ಚಿ. ಹಳೆ ರಬ್ಬರನ್ನು ಹೊರಗಿನಿಂದ ಬ್ಲೇಡ್ ಹಾಕಿ ಸುತ್ತ ಕೊಯ್ದುಬಿಡಿ. ಒಳಗಿನಿಂದ ಒಬ್ಬ ಮೆಲ್ಲಗೆ ಅಂಗೈಯಿಂದ ನೂಕಲಿ, ಹೊರಗೆ ಒಬ್ಬ ಹಿಡಿಯಲಿ. ಕೈಗೆ ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲೇಬೇಕು.

ಹೊಸ ರಬ್ಬರನ್ನು ಮೊದಲು ಗಾಜಿಗೆ ಸುತ್ತ ಏರಿಸಿ. ಜೋಡು ಇರುವ ರಬ್ಬರ್ ಆದರೆ ಜೋಡು ಕೆಳಗೆ ನಡುವೆ ಬರಲಿ. ತಗಡು ಕೂರುವ ಸಂದಿನಲ್ಲಿ, ಅಂದರೆ ರಬ್ಬರಿನ ಹೊರ ಸೀಳಿನಲ್ಲಿ, ನಯವಾದ ನೈಲಾನ್ ದಾರ ಸುತ್ತ ಕೂರಿಸಿ. ಪೆನ್ಸಿಲಿಗಿಂತ ಸ್ವಲ್ಪ ಸಣ್ಣದು ಸಾಕು. ಎರಡೂ ತುದಿ ಕೆಳಗೆ ನಡುವೆ ಒಂದರ ಮೇಲೊಂದು ದಾಟಿ ಒಳಗೆ ಜೋತು ಬೀಳಬೇಕು. ತಗಡಿಗೂ ರಬ್ಬರಿಗೂ ಪಾತ್ರೆ ಸೋಪಿನ ನೀರು ಚೆನ್ನಾಗಿ ಹಚ್ಚಿ. ಗ್ರೀಸ್, ಡೀಸೆಲ್, ಇಂಜಿನ್ ಆಯಿಲ್ ಹತ್ತಿರ ತರಬೇಡಿ, ರಬ್ಬರ್ ಊದಿ ಕೆಡುತ್ತದೆ. ಹೊರಗಿನವನು ಗಾಜನ್ನು ಚೌಕಟ್ಟಿಗೆ ಇಟ್ಟು ಅಂಗೈಯಿಂದ ಒತ್ತಿ ಹಿಡಿಯಲಿ. ಒಳಗಿನವನು ದಾರದ ಒಂದು ತುದಿಯನ್ನು ಗಾಜಿಗೆ ಸಮನಾಗಿ, ಮೆಲ್ಲಗೆ ಎಳೆಯಲಿ. ದಾರ ಬಂದ ಹಾಗೆ ರಬ್ಬರಿನ ತುಟಿ ಟಪ್ ಟಪ್ ಅಂತ ತಗಡಿನ ಮೇಲೆ ಏರುತ್ತಾ ಹೋಗುತ್ತದೆ. ಎಲ್ಲಿ ದಾರ ಎಳೆಯುತ್ತಿದ್ದಾನೋ ಹೊರಗಿನವನ ಕೈಯೂ ಅಲ್ಲೇ ಇರಬೇಕು. ಬಿಗಿಯಾದರೆ ನಿಲ್ಲಿಸಿ, ಸೋಪಿನ ನೀರು ಹಾಕಿ. ಗುದ್ದಬೇಡಿ.

ಹುಮನಾಬಾದ್ ಬೈಪಾಸ್

ಕಾಕಾ ಹೇಳಿದ್ದಕ್ಕೆ ಖರೀದಿಯ ಮಾತು ಸೇರಿಸುತ್ತೇನೆ. ಅಂಗಡಿಗೆ ಹೋಗುವಾಗ ಹಳೆ ರಬ್ಬರಿನ ಒಂದು ಗೇಣು ತುಂಡು ತಗೊಂಡು ಹೋಗಿ. ಕೊಯ್ದ ಬಾಯಿ ಹೊಸದರ ಬಾಯಿಗೆ ಹೊಂದಬೇಕು. ಗಾಜಿನ ದಪ್ಪ ಬೇರೆ ಆದರೆ ರಬ್ಬರಿನ ಸಂದೂ ಬೇರೆ, ಸಡಿಲ ಕೂತರೆ ಮತ್ತೆ ಸೋರುತ್ತದೆ. ಕಲಬುರಗಿಯಲ್ಲಿ ಸಿಗದಿದ್ದರೆ ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ವಿಚಾರಿಸಿ, ಹಳೆ ಗಾಡಿಗಳ ಸಾಮಾನಿಗೆ ನಾವು ಅಲ್ಲಿಗೇ ಹೋಗುವುದು.

ಗಾಜು ಲ್ಯಾಮಿನೇಟೆಡ್ ಆಗಿರಲೇಬೇಕು. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ, ಒಡೆದರೂ ಹಿಡಿದುಕೊಂಡಿರುತ್ತದೆ. ಟಫನ್ಡ್ ಗಾಜು ಒಮ್ಮೆಗೇ ಕಾಳು ಕಾಳಾಗಿ ಮೈಮೇಲೆ ಸುರಿಯುತ್ತದೆ, ಅದು ಪಕ್ಕದ ಕಿಟಕಿಗೆ ಸರಿ. ಮೂಲೆಯಲ್ಲಿ ಐಎಸ್‌ಐ ಗುರುತು, ಐಎಸ್ 2553 ಅಂತ ಇದೆಯಾ ನೋಡಿ. ಕಪ್ಪು ಫಿಲ್ಮ್ ಅಂಟಿಸಬೇಡಿ, ಮುಂದಿನ ಗಾಜಿನಲ್ಲಿ ಶೇ 70 ಬೆಳಕು ದಾಟಬೇಕು ಅಂತ ನಿಯಮ ಇದೆ.

ರಬ್ಬರನ್ನು ಹಾಕುವ ಮೊದಲು ಸ್ವಲ್ಪ ಹೊತ್ತು ಬಿಸಿಲಿಗೆ ಇಡಿ, ಮೆತ್ತಗಾಗುತ್ತದೆ.

ಶಹಾಪುರ ಪಿಕಪ್

ಇಬ್ಬರಿಗೂ ತುಂಬಾ ಉಪಕಾರ ಆಯಿತು. ವೆಲ್ಡಿಂಗ್‌ನವನಿಗೆ ಹೇಳಿದ್ದೇನೆ. ಕೊನೆಯದಾಗಿ, ಅಂಗಡಿಯವರು ಹೇಳಿದ ಸಿಲಿಕಾನ್ ಹಾಕಲಾ ಬೇಡವಾ?

ಗಾಜಿನ ಕಾಕಾ, ಕಲಬುರಗಿ

ಬಾತ್‌ರೂಮಿಗೆ ಹಾಕುವ ಸಿಲಿಕಾನ್ ಬೇಡ ತಮ್ಮಾ. ಟ್ಯೂಬ್ ಒತ್ತಿದಾಗ ಮೂಗಿಗೆ ವಿನೆಗರ್ ವಾಸನೆ ಹೊಡೆದರೆ ಅದರಲ್ಲಿ ಹುಳಿ ಇದೆ ಅಂತ ಅರ್ಥ, ತಗಡನ್ನು ತಿನ್ನುತ್ತದೆ. ಈಗಷ್ಟೇ ದುಡ್ಡು ಕೊಟ್ಟು ಜಂಗು ತೆಗೆಸಿದ್ದೀರಿ.

ರಬ್ಬರಿನ ಗಾಜಿಗೆ ಗಟ್ಟಿಯಾಗದ ಕಪ್ಪು ಸೀಲೆಂಟ್ ಬರುತ್ತದೆ, ಅದನ್ನು ಕೇಳು. ಗಾಜು ಕೂತು, ಸೋಪಿನ ನೀರು ಪೂರ್ತಿ ಆರಿದ ಮೇಲೆ ರಬ್ಬರಿನ ಹೊರ ತುಟಿ ಎತ್ತಿ ಟ್ಯೂಬಿನ ಮೂತಿ ಒಳಗೆ ಹಾಕಿ ಸುತ್ತ ಬಿಡು. ಗಾಜಿನ ಕಡೆ ಒಂದು ಸಲ, ಬಾಡಿ ಕಡೆ ಒಂದು ಸಲ. ರಬ್ಬರಿನ ನಡುವೆ ಬೀಡಿಂಗ್ ಪಟ್ಟಿ ಇದ್ದರೆ ಅದು ಎಲ್ಲಕ್ಕಿಂತ ಕೊನೆಗೆ.

ಮಾರನೇ ದಿನ ಕೊಡದಿಂದ ಮೆಲ್ಲಗೆ ನೀರು ಸುರಿ, ಒಳಗೆ ಒಬ್ಬ ಹಳೆ ಪೇಪರ್ ಹಿಡಿದು ಮೂಲೆ ಮೂಲೆ ಒತ್ತಿ ನೋಡಲಿ. ಸರ್ವಿಸಿಂಗ್ ಪ್ರೆಶರ್ ನೀರು ಈಗಲೇ ಹೊಡೆಸಬೇಡ. ಮಟಮಟ ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಯಾವತ್ತೂ ಬೇಡ. ಮ್ಯಾಟ್ ಎತ್ತಿ ಕೆಳಗಿನ ತಗಡನ್ನೂ ನೋಡು, ಇಷ್ಟು ದಿನ ನೀರು ನಿಂತಿದ್ದು ಅಲ್ಲಿ.