ಐಎನ್‌ಬಿಡಿಇ (ಅಮೆರಿಕದಲ್ಲಿ ದಂತವೈದ್ಯರಾಗಲು ಬೇಕಾದ ಬೋರ್ಡ್ ಪರೀಕ್ಷೆ) ಯಾವಾಗ ಬರೆಯಲಿ? ಬರೆದವರು ಅನುಭವ ಹೇಳಿ

ದಾವಣಗೆರೆ ಬಿಡಿಎಸ್: ಬಿಡಿಎಸ್ ಮುಗಿದು ಎರಡು ವರ್ಷ ಆಯಿತು, ಕ್ಲಿನಿಕ್ ಒಂದರಲ್ಲಿ ಕೆಲಸ. ಇಸಿಇ ವರದಿ (ನಮ್ಮ ಪದವಿಯನ್ನು ಅಮೆರಿಕದ ಲೆಕ್ಕಕ್ಕೆ ಹೋಲಿಸಿ ಕೊಡುವ ವರದಿ) ಬಂದಿದೆ, ವಿಸಿಟರ್ ವೀಸಾ ಇದೆ, ನ್ಯೂಜೆರ್ಸಿಯಲ್ಲಿ ಅಕ್ಕ ಇದ್ದಾಳೆ. ಡಿಸೆಂಬರ್‌ನಲ್ಲೇ ಹೋಗಿ ಬರೆಯಲಾ, ಕೆಲಸ ಬಿಟ್ಟು ಓದಿ ಮುಂದಿನ ವರ್ಷ ಬರೆಯಲಾ?

ಎರಡನೇ ಸಲ ಪಾಸ್: ಅವಸರ ಬೇಡ. ಮಾರ್ಚ್‌ಗೆ ಕ್ಯಾಪಿಡ್ (ಹೊರದೇಶದಲ್ಲಿ ಓದಿದವರು ಅಲ್ಲಿನ ಡೆಂಟಲ್ ಕಾಲೇಜುಗಳಿಗೆ ಅರ್ಜಿ ಹಾಕುವ ಪೋರ್ಟಲ್) ತೆರೆಯುತ್ತದೆ, ಅಷ್ಟರಲ್ಲಿ ಪಾಸಾಗಿರಬೇಕು ಅಂತ ಹಟ ಹಿಡಿದಿದ್ದೆ. ಕ್ಲಿನಿಕ್ ಮುಗಿಸಿ ರಾತ್ರಿ 10ರಿಂದ 1ರವರೆಗೆ, ಮೂರೇ ತಿಂಗಳ ಓದು. ಇಂಡಿಯಾದಲ್ಲಿ ಸೆಂಟರ್ ಇಲ್ಲವಲ್ಲ, ಷಿಕಾಗೋಗೆ ಹೋದೆ. ಟಿಕೆಟ್ 1,16,000 ರೂಪಾಯಿ. ಒಂಬತ್ತು ರಾತ್ರಿ ರೂಮಿಗೆ 74,000. ಪರೀಕ್ಷೆ ಫೀಸು ಬೇರೆ. ಮೊದಲ ದಿನ 360 ಪ್ರಶ್ನೆ. ಕೊನೆಯ ಕೇಸ್‌ಗಳು (ರೋಗಿಯ ಕಥೆ ಕೊಟ್ಟು ಕೇಳುವ ಪ್ರಶ್ನೆಗಳು) ಬರುವಷ್ಟರಲ್ಲಿ ಕಣ್ಣು ಮಂಜಾಗಿತ್ತು. ಎರಡನೇ ದಿನ ರೋಗಿಯ ವಿವರ ಇರುವ ಪೇಷಂಟ್ ಬಾಕ್ಸ್‌ನಲ್ಲಿದ್ದ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಗಮನಿಸದೆ ಹಲ್ಲು ಕೀಳುವ ಉತ್ತರ ಒತ್ತಿಬಿಟ್ಟೆ. ಬಂದಿದ್ದು 73, ಬೇಕಿದ್ದಿದ್ದು 75. ಅಪ್ಪನ ಮುಂದೆ ಮತ್ತೆ ಕೈಚಾಚಿದ್ದು ಇವತ್ತಿಗೂ ಚುಚ್ಚುತ್ತದೆ.

ಟೆಕ್ಸಾಸ್ ಡಿಡಿಎಸ್: ಪರೀಕ್ಷೆಯ ಕೇಸ್ ಹೀಗೆ ಹೊರಗೆ ಬರೆಯಬಾರದು. ಗುಟ್ಟು ಕಾಪಾಡುತ್ತೇವೆ ಅಂತ ಒಪ್ಪಿಕೊಂಡೇ ಕೂತಿರುತ್ತೇವೆ. ರಿಸಲ್ಟ್ ರದ್ದಾಗಬಹುದು. ದಯವಿಟ್ಟು ತೆಗೆಯಿರಿ.

ಇನ್ನು ಆ ಹುಡುಗಿಯ ಪ್ರಶ್ನೆಗೆ: ನಾನು ಇಂಟರ್ನ್‌ಶಿಪ್ ಮುಗಿದ ನಾಲ್ಕೇ ತಿಂಗಳಿಗೆ ಬರೆದೆ, ಒಂದೇ ಸಲಕ್ಕೆ ಪಾಸ್. ಫಾರ್ಮಕಾಲಜಿ, ಓರಲ್ ಪೆಥಾಲಜಿ ಎಲ್ಲ ತಲೆಯಲ್ಲಿ ಹಸಿಯಾಗಿತ್ತು. ಕಾದಷ್ಟೂ ಮರೆವು ಜಾಸ್ತಿ.

ಎರಡನೇ ಸಲ ಪಾಸ್: ವಾರ್ಫರಿನ್ ಪ್ರತಿ ಪುಸ್ತಕದಲ್ಲೂ ಇದೆ. ನಾನು ಸೋತಿದ್ದನ್ನು ಹೇಳಿದರೆ ಅದಕ್ಕೂ ಕಾನೂನು ಹೇಳುತ್ತೀರಾ ಸರ್?

ಇಬ್ಬರು ಮಕ್ಕಳ ತಾಯಿ: ನಾನು ಕಾದವಳು. ಮದುವೆಯಾಗಿ ಎಚ್4ನಲ್ಲಿ (ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗುವ ವೀಸಾ) ಅಮೆರಿಕಕ್ಕೆ ಬಂದೆ. ಮೊದಲ ಮಗು ಆಗಲಿ ಅಂದರು, ಆಮೇಲೆ ಎರಡನೆಯದು. ಅಷ್ಟರಲ್ಲಿ ಟೋಫೆಲ್ (ಇಂಗ್ಲಿಷ್ ಪರೀಕ್ಷೆ) ಅಂಕದ ಎರಡು ವರ್ಷದ ಅವಧಿ ಮುಗಿಯಿತು, ಮತ್ತೆ ಬರೆದೆ. ರೆಕಮೆಂಡೇಷನ್ ಕೊಡಬೇಕಿದ್ದ ಪ್ರೊಫೆಸರ್ ರಿಟೈರ್ ಆಗಿದ್ದರು. ಮಗು ಮಲಗಿದ ಮೇಲೆ ಬಚ್ಚಲುಮನೆಯಲ್ಲಿ ಲೈಟ್ ಹಾಕಿಕೊಂಡು ಓದಿದ್ದೇನೆ. ಬೋರ್ಡ್ ಪಾಸಾದೆ, ಆದರೆ ಮೂರು ಸಲ ಅರ್ಜಿ ಹಾಕಿದರೂ ಸೀಟು ಸಿಕ್ಕಿಲ್ಲ. ಕ್ಲಿನಿಕ್ ಬಿಟ್ಟು ಇಷ್ಟು ವರ್ಷ ಏನು ಮಾಡಿದಿರಿ ಅಂತ ಎಲ್ಲ ಇಂಟರ್‌ವ್ಯೂನಲ್ಲೂ ಕೇಳುತ್ತಾರೆ. ಕೆಲಸ ಮಾತ್ರ ಬಿಡಬೇಡಮ್ಮ.

ಮಂಗಳೂರು ಎಂಡಿಎಸ್: ಅಷ್ಟು ದುಡ್ಡು ಸುರಿಯುವ ಬದಲು ಇಲ್ಲೇ ಸ್ನಾತಕೋತ್ತರ ಓದಲು ನೀಟ್ ಎಂಡಿಎಸ್ ಬರೆಯಿರಿ. ನಾನು ಪೆಡೋ (ಮಕ್ಕಳ ಹಲ್ಲಿನ ಚಿಕಿತ್ಸೆ) ಮಾಡಿ ಊರಲ್ಲೇ ಕ್ಲಿನಿಕ್ ಇಟ್ಟಿದ್ದೇನೆ. ಅಪ್ಪ ಅಮ್ಮ ಜೊತೆಗಿದ್ದಾರೆ. ಇಲ್ಲಿ ಓದಿ ಎಲ್ಲರೂ ಹೊರಟುಬಿಟ್ಟರೆ ಹೇಗೆ?

ಟೆಕ್ಸಾಸ್ ಡಿಡಿಎಸ್: ಎಂಡಿಎಸ್ ಪ್ರೈವೇಟ್ ಸೀಟಿನ ಫೀಸು ಹೇಳಿ ನೋಡೋಣ. ನಾನು ಡಿಡಿಎಸ್ (ಅಮೆರಿಕದ ದಂತವೈದ್ಯ ಪದವಿ) ಸಾಲ ಮಾಡಿಯೇ ಓದಿದ್ದು, ಈಗ ನಾನೇ ತೀರಿಸುತ್ತಿದ್ದೇನೆ.

ಮಂಗಳೂರು ಎಂಡಿಎಸ್: ನನ್ನದು ಸರ್ಕಾರಿ ಸೀಟು. ರ‍್ಯಾಂಕ್ ತೆಗೆದು ಪಡೆದದ್ದು.

ಇಬ್ಬರು ಮಕ್ಕಳ ತಾಯಿ: ನೀವಿಬ್ಬರೂ ಬೇರೆ ಕಡೆ ಜಗಳ ಆಡಿ. ಆ ಹುಡುಗಿ ಕೇಳಿದ್ದು ಡಿಸೆಂಬರ್ ಬಗ್ಗೆ.

ದಾವಣಗೆರೆ ಬಿಡಿಎಸ್: ಅಕ್ಕ, ನನ್ನ ಟೋಫೆಲ್ ಬರುವ ಜುಲೈಗೆ ಮುಗಿಯುತ್ತದೆ. ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ರಾತ್ರಿ ಮೂರೇ ಗಂಟೆ ಓದಿದರೆ ಸಾಲದು ಅಂತಲೂ ಭಯ ಆಯಿತು. ನಾಳೆ ಕ್ಲಿನಿಕ್ ಸರ್ ಹತ್ತಿರ ಅರ್ಧ ದಿನದ ಕೆಲಸ ಕೇಳುತ್ತೇನೆ.